ಕನ್ನಡಿ, ಹೆಡ್‌ಲೈಟು ಮತ್ತು ಮಡಿ

ಬ್ರಹ್ಮಸೂತ್ರದ ನಾಲ್ಕನೆಯ ಸೂತ್ರಕ್ಕೆ ಶಂಕರರು ಬರೆದ ಭಾಷ್ಯ ಬಹಳ ಉದ್ದದ್ದು. ಅದರ ನಡುವೆ ಎದುರುವಾದಿ ಒಂದು ಕನ್ನಡಿಯನ್ನು ಮುಂದೆ ಹಿಡಿಯುತ್ತಾನೆ. ಕನ್ನಡಿಯನ್ನು ಉಜ್ಜಿದರೆ ಹೊಳಪು ಹೊರಗೆ ಬರುತ್ತದಲ್ಲ, ಹಾಗೆಯೇ ಕರ್ಮದಿಂದ ಆತ್ಮವನ್ನು ಉಜ್ಜಿದರೆ ಒಳಗೆ ಮರೆಯಾಗಿರುವ ಮೋಕ್ಷ ಕಾಣಿಸಬಾರದೇಕೆ ಎಂದು ಕೇಳುತ್ತಾನೆ. ಶಂಕರರು ಒಪ್ಪುವುದಿಲ್ಲ. ಯಾವ ಕ್ರಿಯೆಯೂ ತಾನು ನಡೆಯುವ ವಸ್ತುವನ್ನು ಬದಲಿಸದೆ ನಡೆಯದು; ಬದಲಾಗುವುದು ನಿತ್ಯವಾಗಿರಲಾರದು; ಆದ್ದರಿಂದ ಆತ್ಮವನ್ನು ಉಜ್ಜುವ ಮಾತೇ ಇಲ್ಲ. ಸ್ನಾನ, ಆಚಮನಗಳಿಂದ ಶುದ್ಧನಾಗುವವನು ದೇಹವೇ ತಾನೆಂದುಕೊಂಡವನು ಮಾತ್ರ ಎನ್ನುತ್ತಾರೆ. ನಾನು ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಹೇಳಿಕೊಡುತ್ತಿದ್ದಾಗ ಈ ಭಾಗ ಪರೀಕ್ಷೆಗೆ ಬರುತ್ತಿರಲಿಲ್ಲ, ಹಾಗಾಗಿ ಮಕ್ಕಳೂ ಕೆದಕುತ್ತಿರಲಿಲ್ಲ. ನಿವೃತ್ತಿಯ ನಂತರ ಅಂಗಳದಲ್ಲಿ ಮಣೆ ಹಾಕಿಕೊಂಡು ಕೂತು ಕಾರಿನ ಹೆಡ್‌ಲೈಟು ಉಜ್ಜುವಾಗ ಆ ವಾದದ ಬಿಗಿ ನನಗೆ ಸರಿಯಾಗಿ ಹತ್ತಿತು.

ನಮ್ಮೂರು ಸಾಗರ. ಕಾರಿಗೆ 15 ವರ್ಷ ತುಂಬುತ್ತಿತ್ತು, ಮರುನೋಂದಣಿಗೆ ಆರ್‌ಟಿಒ ಮುಂದೆ ನಿಲ್ಲಿಸಬೇಕಿತ್ತು. ಹೆಡ್‌ಲೈಟುಗಳೆರಡೂ ಹಳೇ ತುಪ್ಪದ ಬಣ್ಣಕ್ಕೆ ತಿರುಗಿದ್ದವು. ಮಳೆಗಾಲದ ರಾತ್ರಿ ರಸ್ತೆಯ ಅಂಚು ಕಾಣುತ್ತಿರಲಿಲ್ಲ. ಇನ್ನೂ ಜೋರಾದ ಬಲ್ಬು ಹಾಕಿಸೋಣವೆಂದು ಗ್ಯಾರೇಜಿಗೆ ಹೋದರೆ ಅಲ್ಲಿನ ಹುಡುಗ ತಡೆದ. "ಬಲ್ಬು ಚೆನ್ನಾಗೇ ಇದೆ ಮೇಡಂ. ಗ್ಲಾಸು ಮಬ್ಬಾಗಿದೆ. ಜೋರು ಬಲ್ಬು ಹಾಕಿದ್ರೆ ಎದುರಿಂದ ಬರೋರ ಕಣ್ಣು ಕುಕ್ಕುತ್ತೆ, ನಿಮಗೆ ಮಾತ್ರ ರಸ್ತೆ ಕಾಣಲ್ಲ." ಮಬ್ಬು ಮುಖದಲ್ಲಿ ಬೆಳಕು ಚೆದುರಿಹೋಗುತ್ತದೆ, ನೆಲಕ್ಕೆ ಬೀಳಬೇಕಾದದ್ದು ಎದುರಿನವರ ಮುಖಕ್ಕೆ ಬೀಳುತ್ತದೆ. ಮನಸ್ಸು ತಿಳಿಯಾಗುವ ಮೊದಲೇ ಭಕ್ತಿಯ ವೋಲ್ಟೇಜು ಏರಿಸಿಕೊಂಡವರನ್ನು ನಾನು ಸಾಕಷ್ಟು ನೋಡಿದ್ದೇನೆ. ಹುಡುಗನ ಮಾತು ಅವರಿಗೂ ಸಲ್ಲುತ್ತದೆ.

ಗ್ಲಾಸು ಎನ್ನುವುದು ರೂಢಿಯ ಮಾತು. ಅಂಬಾಸಿಡರ್, ಫಿಯೆಟ್ ಕಾಲದಲ್ಲಿ ಅದು ನಿಜಕ್ಕೂ ಗಾಜೇ ಆಗಿತ್ತು, ಒರೆಸಿದರೆ ಮುಗಿಯಿತು. ಈಗಿನದು ಪಾಲಿಕಾರ್ಬೊನೇಟ್. ಹಗುರ, ಕಲ್ಲು ಸಿಡಿದರೂ ಸುಲಭಕ್ಕೆ ಒಡೆಯದು. ಆದರೆ ಬಿಸಿಲಿನ ಅತಿನೇರಳೆ ಕಿರಣ ಅದಕ್ಕೆ ಆಗದು. ಅದಕ್ಕೇ ಕಾರ್ಖಾನೆಯಲ್ಲಿ ಅದರ ಮೇಲೆ ತೆಳ್ಳಗಿನ ಗಟ್ಟಿ ಲೇಪವೊಂದನ್ನು ಕೊಟ್ಟಿರುತ್ತಾರೆ. ವರ್ಷಗಟ್ಟಲೆ ಬಿಸಿಲು ತಿಂದು ಮೊದಲು ಸಾಯುವುದು ಆ ಲೇಪ. ಅದು ಬಿರುಕು ಬಿಟ್ಟು ಸುಲಿಯತೊಡಗಿದ ಮೇಲೆ ಕೆಳಗಿನ ಪ್ಲಾಸ್ಟಿಕ್ಕೂ ಹಳದಿಗಟ್ಟುತ್ತದೆ. ಅಂದರೆ ನಾವು ಕೊಳೆ ಎನ್ನುವುದು ಹೊರಗಿನಿಂದ ಬಂದು ಕೂತದ್ದಲ್ಲ. ಕಾಯುವ ಕೆಲಸಕ್ಕೆ ನಿಂತದ್ದೇ ಬಿಸಿಲಿಗೆ ಬೆಂದು ಹಾಗಾಗಿದೆ.

ಮನೆಯಲ್ಲೇ ಮಾಡಬಹುದಾದ ಕೆಲಸವಿದು, ತಾಳ್ಮೆ ಬೇಕು ಅಷ್ಟೆ. ಸೋಪು ನೀರಿನಲ್ಲಿ ತೊಳೆದು, ಸುತ್ತಲಿನ ಪೇಂಟಿಗೆ ಗೀರು ಬೀಳದಂತೆ ಮಾಸ್ಕಿಂಗ್ ಟೇಪ್ ಅಂಟಿಸಿ, 800 ನಂಬರಿನ ವಾಟರ್ ಪೇಪರನ್ನು ನೀರಲ್ಲಿ ನೆನೆಸಿ ಉಜ್ಜಬೇಕು. ಮೊದಲು ಇಳಿಯುವ ನೀರು ಹಳದಿ. ಅದು ಹಳೆಯ ಲೇಪ ಕರಗಿ ಬರುವ ಗುರುತು. ಉಜ್ಜುತ್ತ ಹೋದಂತೆ ನೀರು ಬೆಳ್ಳಗಾಗುತ್ತದೆ. ಆಗ ಅಲ್ಲಿಗೆ ನಿಲ್ಲಿಸಬೇಕು, ಏಕೆಂದರೆ ಇನ್ನು ಮುಂದೆ ಬರುವುದು ಲೆನ್ಸಿನದೇ ಮೈ. ಆ ಹಂತದಲ್ಲಿ ಹೆಡ್‌ಲೈಟು ಮೊದಲಿಗಿಂತ ಕುರುಡು; ಬಚ್ಚಲುಮನೆಯ ಕಿಟಕಿಗೆ ಹಾಕುವ ಗಾಜಿನಂತೆ ಪೂರ್ತಿ ಬಿಳಿ. ಅಡಿಗೆಮನೆ ಕಿಟಕಿಯಿಂದ ನೋಡಿದ ನಮ್ಮ ಮನೆಯವರು "ಇದ್ದದ್ದೂ ಹೋಯ್ತಲ್ಲ ಮಾರಾಯ್ತಿ" ಎಂದರು. ಅಲ್ಲಿಂದ 1500, 2000, 3000. ಪ್ರತಿ ಸಲವೂ ಕೈಯ ದಿಕ್ಕು ಬದಲಿಸಿ, ಹಿಂದಿನ ಪೇಪರಿನ ಗೀರುಗಳನ್ನು ಮುಂದಿನದರ ಸಣ್ಣ ಗೀರುಗಳಿಂದ ಅಳಿಸಬೇಕು. ಕೊನೆಗೆ ಬಟ್ಟೆಯಲ್ಲಿ ಪಾಲಿಷ್ ಹಾಕಿ ತಿಕ್ಕಿದಾಗ ಒಳಗಿನ ಬಲ್ಬಿನ ಸುರುಳಿ ಒಮ್ಮೆಲೇ ಕಣ್ಣಿಗೆ ಬೀಳುತ್ತದೆ. ಹಾಗೆಂದು ಬಲ್ಬೇ ಆತ್ಮ ಎಂದು ಸಲೀಸಾಗಿ ಹೇಳಿಬಿಡಲಾರೆ. ಬಲ್ಬೂ ಒಂದು ದಿನ ಸುಟ್ಟುಹೋಗುತ್ತದೆ. ನನ್ನ ಲಕ್ಷ್ಯವಿರುವುದು ಉಜ್ಜಿಸಿಕೊಂಡದ್ದರ ಮೇಲೆ.

ಶಂಕರರ ಕಾಲದ ಕನ್ನಡಿ ಲೋಹದ್ದು. ಅವರು ಹುಟ್ಟಿದ ಕೇರಳದಲ್ಲೇ, ಆರನ್ಮುಳದಲ್ಲಿ, ಇಂದಿಗೂ ತಾಮ್ರ ಮತ್ತು ತವರ ಬೆರೆಸಿ ಎರಕ ಹೊಯ್ದು, ಉಜ್ಜಿ ಉಜ್ಜಿ ಕನ್ನಡಿ ಮಾಡುತ್ತಾರೆ. ಲೋಹದ ಕನ್ನಡಿ ಮಬ್ಬಾಗುವುದು ಧೂಳಿನಿಂದಷ್ಟೇ ಅಲ್ಲ, ಮೇಲ್ಮೈಯ ಲೋಹವೇ ಕಪ್ಪಿಡುತ್ತದೆ. ಉಜ್ಜಿದಾಗ ಒಂದಿಷ್ಟು ಕನ್ನಡಿಯೂ ಜೊತೆಗೆ ಹೋಗುತ್ತದೆ. ಇದನ್ನು ನೆನೆದರೆ ಅವರ ಹಟ ಅರ್ಥವಾಗುತ್ತದೆ: ಸವೆಯದೆ ಶುದ್ಧವಾಗುವುದು ಯಾವುದೂ ಇಲ್ಲ. ಆತ್ಮವನ್ನು ಅವರು ಈ ಲೆಕ್ಕದಿಂದ ಹೊರಗಿಟ್ಟರು, ಸರಿ. ಆದರೆ ಮನಸ್ಸು ಲೆಕ್ಕದೊಳಗೇ ಉಳಿಯಿತು. ಚಿತ್ತಶುದ್ಧಿ ಎಂದು ನಾವು ಹಗುರವಾಗಿ ಆಡುವಾಗ ಚಿತ್ತದ ದಪ್ಪ ಎಷ್ಟಿದೆ, ಇನ್ನೆಷ್ಟು ಉಜ್ಜು ತಡೆದೀತು ಎಂದು ಯಾರೂ ಕೇಳುವುದಿಲ್ಲ.

ನಮ್ಮ ಸೋದರತ್ತೆ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಅವರ ಮಡಿ ಊರಿಗೇ ಹೆಸರುವಾಸಿ. ನೀರೊಲೆಯ ಮುಂದೆ ಒದ್ದೆ ಸೀರೆಯಲ್ಲಿ ನಿಂತಾಗಿನಿಂದ ನೈವೇದ್ಯ ಮುಗಿಯುವವರೆಗೆ ಅವರನ್ನು ಯಾರೂ ಮುಟ್ಟುವಂತಿಲ್ಲ, ಕರೆಯುವಂತಿಲ್ಲ, ಒಂದು ಕೆಲಸ ಹೇಳುವಂತಿಲ್ಲ. ಅಣ್ಣನ ಮನೆಯಲ್ಲಿ ಅನ್ನಕ್ಕಿದ್ದ ಹೆಂಗಸಿಗೆ ದಿನದಲ್ಲಿ ಅಷ್ಟು ಹೊತ್ತು ಮಾತ್ರ ತನ್ನದಾಗಿತ್ತು. ಅದೇ ಮಡಿ, ಅಡಿಕೆ ಸುಲಿಯಲು ಬರುತ್ತಿದ್ದ ಹೆಂಗಸರಿಗೆ ಅಂಗಳದಾಚೆಯಿಂದ ಎತ್ತರಿಸಿ ನೀರು ಹೊಯ್ಯುತ್ತಿತ್ತು. ಅದನ್ನು ಉಳಿಸಿಕೊಳ್ಳಬೇಕಿತ್ತು ಎಂದು ನಾನು ಎಂದೂ ಹೇಳುವವಳಲ್ಲ. ಬೆಂಗಳೂರಿನ ಫ್ಲ್ಯಾಟಿಗೆ ಕರೆದುಕೊಂಡು ಹೋದಾಗ ನನ್ನ ಅಣ್ಣ ಪ್ರೀತಿಯಿಂದಲೇ "ಇಲ್ಲಿ ಅದೆಲ್ಲ ಬೇಡ ಅತ್ತೆ, ಆರಾಮಾಗಿರಿ" ಎಂದ. ಅತ್ತೆ ವಾದ ಮಾಡಲಿಲ್ಲ, ಬಿಟ್ಟರು. ಅಲ್ಲಿಂದ ಮುಂದೆ ಅವರನ್ನು ಯಾರು ಬೇಕಾದರೂ ಯಾವ ಹೊತ್ತಿನಲ್ಲಾದರೂ ಕರೆಯಬಹುದಿತ್ತು, ಕರೆಯುತ್ತಿದ್ದರು ಕೂಡ. ಅವರ ಪಾಲಿನ ಆ ಹೊತ್ತಿಗೆ ಬದಲಾಗಿ ಏನನ್ನಾದರೂ ಕೊಡಬೇಕೆಂದು ನಮಗ್ಯಾರಿಗೂ ಹೊಳೆಯಲಿಲ್ಲ.

ಹೆಡ್‌ಲೈಟಿಗೆ ಟೂತ್‌ಪೇಸ್ಟ್ ತಿಕ್ಕಿದರೆ ಸಾಕು ಎನ್ನುವವರಿದ್ದಾರೆ. ಟೂತ್‌ಪೇಸ್ಟಿನಲ್ಲಿ ನಯವಾದ ಪುಡಿ ಇರುತ್ತದೆ, ಮೇಲಿನ ಮಬ್ಬು ಹೋಗುವುದು ಸುಳ್ಳಲ್ಲ. ಆದರೆ ಕೆಲವೇ ತಿಂಗಳಲ್ಲಿ ಹಳದಿ ಮರಳುತ್ತದೆ, ಏಕೆಂದರೆ ಹಳೆಯ ಕಾಪು ಹೋಗಿದೆ, ಹೊಸದು ಬಂದಿಲ್ಲ. ಪಾಲಿಷ್ ಆದ ಮೇಲೆ ಜಿಡ್ಡು ಒರೆಸಿ, ಅತಿನೇರಳೆ ಕಿರಣ ತಡೆಯುವ ಕ್ಲಿಯರ್ ಕೋಟನ್ನು ತೆಳ್ಳಗೆ, ಒಂದು ಒಣಗಿದ ಮೇಲೆ ಇನ್ನೊಂದರಂತೆ ಬಳಿದರೆ ಮಾತ್ರ ಪಟ್ಟ ಶ್ರಮ ನಿಲ್ಲುತ್ತದೆ. ಅದೂ ಶಾಶ್ವತವಲ್ಲ, ಮತ್ತೆ ಬಳಿಯಬೇಕಾಗುತ್ತದೆ.

12ನೆಯ ಶತಮಾನದ ಶರಣರಿಗೆ ಇದು ಗೊತ್ತಿತ್ತೆಂದು ನನ್ನ ಎಣಿಕೆ. ಗುಡಿ, ಜಾತಿ, ಸೂತಕಗಳನ್ನು ಅವರಷ್ಟು ಒರಟಾಗಿ ಉಜ್ಜಿದವರು ಕನ್ನಡದಲ್ಲಿ ಬೇರೆ ಇಲ್ಲ. ಆದರೆ ಉಜ್ಜಿ ಬರಿಗೈಯಲ್ಲಿ ಕಳಿಸಲಿಲ್ಲ. ಅಂಗೈಗೆ ಇಷ್ಟಲಿಂಗ ಕೊಟ್ಟರು, ಕಾಯಕ ಕೊಟ್ಟರು, ದಾಸೋಹ ಕೊಟ್ಟರು. ಗುರು, ಲಿಂಗ, ಜಂಗಮದಿಂದ ವಿಭೂತಿ, ರುದ್ರಾಕ್ಷಿ, ಮಂತ್ರದವರೆಗೆ ಎಂಟು ಆವರಣಗಳನ್ನು ಭಕ್ತನ ಸುತ್ತ ಕಾವಲಿಗೆ ನಿಲ್ಲಿಸಿತು ಆ ಪಂಥ. ಅವುಗಳಲ್ಲೂ ಕೆಲವು ಇಂದು ಹಳದಿಗಟ್ಟಿವೆ ಎನ್ನುವವರಿದ್ದಾರೆ, ಇರಬಹುದು. ಬಿಸಿಲಿಗೆ ನಿಂತ ಯಾವ ಲೇಪಕ್ಕೂ ಅದು ತಪ್ಪಿದ್ದಲ್ಲ.

ಹಾಗಾಗಿ ನಮ್ಮನ್ನು ಶುದ್ಧಿ ಮಾಡುತ್ತೇವೆಂದು ಬರುವ ಸ್ವಾಮಿಗಳಿಗೂ, ಮೂಢನಂಬಿಕೆ ಬಿಡಿಸಲು ಬರುವ ವಿಚಾರವಾದಿಗಳಿಗೂ ನನ್ನದು ಒಂದೇ ಪ್ರಶ್ನೆ. ಪೇಪರ್ ಎಷ್ಟು ನಂಬರಿನದು ಎಂದು ಕೇಳುವುದಿಲ್ಲ. ಉಜ್ಜಿ ಮುಗಿದ ಮೇಲೆ ಏನು ಬಳಿಯುತ್ತೀರಿ ಎಂದು ಕೇಳುತ್ತೇನೆ. ಉತ್ತರ ಇಲ್ಲದವರ ಕೈಗೆ ನಾನು ಕಾರನ್ನೂ ಕೊಡುವುದಿಲ್ಲ.