ಬೆಟ್ಟವನ್ನೇರಲಾರದವರ ನವರಾತ್ರಿ



ಶರನ್ನವರಾತ್ರಿಯಲ್ಲಿ ವಿಜಯವಾಡದ ಇಂದ್ರಕೀಲಾದ್ರಿಯು ಜನಸಾಗರವಾಗುತ್ತದೆ. ದಿನಕ್ಕೊಂದು ಅಲಂಕಾರದಲ್ಲಿ ಬೆಳಗುವ ಕನಕದುರ್ಗೆಯನ್ನು, ಅದರಲ್ಲಿಯೂ ಮೂಲಾ ನಕ್ಷತ್ರದಂದು ಸರಸ್ವತೀರೂಪಿಣಿಯಾದ ತಾಯಿಯನ್ನು ಕಾಣಲು, ಭಕ್ತರು ಕೃಷ್ಣೆಯಲ್ಲಿ ಮಿಂದು ಬೆಟ್ಟವನ್ನೇರುತ್ತಾರೆ. ಆದರೆ ಅದೇ ಊರಿನ ಆಸ್ಪತ್ರೆಗಳಲ್ಲಿ, ವಿಶಾಖಪಟ್ಟಣದಲ್ಲಿ 1923ರಿಂದ ಬಡಬಗ್ಗರಿಗೆ ಆಸರೆಯಾಗಿರುವ ಕಿಂಗ್ ಜಾರ್ಜ್ ಆಸ್ಪತ್ರೆಯ ವಾರ್ಡುಗಳಲ್ಲಿ, ಮಂಚದಿಂದ ಇಳಿಯಲಾರದೆ ಮಲಗಿರುವವರಿಗೆ ಯಾವ ನವರಾತ್ರಿ? ಅವರಿದ್ದಲ್ಲಿಗೆ ಯಾರಾದರೂ ಹೋಗಬೇಕು.

ತೆಲುಗರ ಮನೆಮಾತಾದ ಪೋತನನ ಭಾಗವತದಲ್ಲಿ ಗಜೇಂದ್ರನ ಮೊರೆಯನ್ನು ಕೇಳಿದ ಶ್ರೀಹರಿಯು ಶಂಖಚಕ್ರಗಳನ್ನು ಧರಿಸದೆ, ಲಕ್ಷ್ಮಿಗೂ ತಿಳಿಸದೆ ಧಾವಿಸುತ್ತಾನೆ. ಆನೆಯು ಹಿಂದಿನ ಜನ್ಮದಲ್ಲಿ ಶಾಪಗ್ರಸ್ತನಾದ ಇಂದ್ರದ್ಯುಮ್ನನೆಂಬ ವೃತ್ತಾಂತವನ್ನು ಶುಕಮುನಿಯು ಹೇಳುವುದು ಬಿಡುಗಡೆಯಾದ ಬಳಿಕ. ಮೊದಲು ರಕ್ಷಣೆ, ಆಮೇಲೆ ಕಾರಣ. ನಮ್ಮ ಬಂಧುಮಿತ್ರರ ಕ್ರಮವಾದರೋ ತಿರುಗುಮುರುಗು. "ನನಗೇ ಏಕೆ ಹೀಗಾಯಿತು?" ಎಂದು ರಾತ್ರಿಯೆಲ್ಲ ನಿದ್ದೆಗೆಟ್ಟವನ ತಲೆದೆಸೆಯಲ್ಲಿ ನಿಂತು "ಎಲ್ಲಾ ಪ್ರಾರಬ್ಧಕರ್ಮ" ಎಂದುಬಿಡುತ್ತಾರೆ. ಕರ್ಮಸಿದ್ಧಾಂತವು ಸತ್ಯವೇ ಇರಬಹುದು; ಅದು ಮೂಸಂಬಿಯೊಡನೆ ಕೊಟ್ಟುಬರುವ ವಸ್ತುವಲ್ಲ.

ಏಳು ದಿನಗಳ ಆಯುಸ್ಸು ಉಳಿದಿದ್ದ ಪರೀಕ್ಷಿತನಿಗೆ ಶುಕಮುನಿಯು ತಕ್ಷಕನ ವಿಷಕ್ಕೆ ಮದ್ದು ತರಲಿಲ್ಲ. ಸಾಯುವವನು ಮಾಡಬೇಕಾದುದೇನೆಂದು ರಾಜನೇ ಕೇಳಿದನು. ಭಾಗವತಕಥೆಯು ಆ ಪ್ರಶ್ನೆಯಿಂದ ಹರಿಯಿತು. ಮರಣಾಸನ್ನರ ನೋವಿನಲ್ಲಿ ದೇಹದ ಪಾಲಿನಂತೆ ಆತ್ಮದ ಪಾಲೂ ಉಂಟೆಂದು ಮನಗಂಡ ಡಾ. ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ಶುಶ್ರೂಷಾಲಯವನ್ನು ತೆರೆದರು. ಬೆಂಗಳೂರಿನ ಕರುಣಾಶ್ರಯವು ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಶುಲ್ಕವಿಲ್ಲದೆ ಆರೈಕೆ ಮಾಡುತ್ತಿದೆ.

ಹೊರನಾಡ ಕನ್ನಡಿಗನಿಗೆ ಇನ್ನೊಂದು ಕೊರತೆಯೂ ಉಂಟು. ವೈದ್ಯರಿಗೂ ದಾದಿಯರಿಗೂ ತೆಲುಗಿನಲ್ಲಿ ನೋವನ್ನು ಹೇಳಿಕೊಳ್ಳಬಲ್ಲನು. ಭಯವನ್ನು ಹೇಳಿಕೊಳ್ಳಲು ಅವನಿಗೆ ತಾಯಿನುಡಿಯೇ ಬೇಕು. ಅರ್ಧ ಗಂಟೆ ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ ಕೇಳಿಸಿಕೊಳ್ಳುವವರು ದೊರೆತರೆ ಅವನ ಪಾಲಿಗೆ ಅದೇ ದರ್ಶನ.

ಆದರೆ ವಿವೇಕವಿರಲಿ. ರೋಗಿಯ ಇಚ್ಛೆಯನ್ನು ಮೊದಲೇ ವಿಚಾರಿಸಬೇಕು. ಅವನಿಗೆ ಪ್ರಿಯವಾದ ನಾಮವು ಶಿವನದೋ, ಹರಿಯದೋ, ಅಲ್ಲಾನದೋ, ಯೇಸುವಿನದೋ, ಅದನ್ನು ಬದಲಿಸಲು ಹೋಗಬಾರದು. ಪಕ್ಕದ ಮಂಚದವನ ನಿದ್ದೆ ಕೆಡುವಂತೆ ಭಜನೆ ಸಲ್ಲದು. ವೈದ್ಯರನ್ನು ಕೇಳದೆ ತೀರ್ಥಪ್ರಸಾದವನ್ನೂ ಕೊಡಲಾಗದು. ಅವನು ದೇವಿಯ ಮಾತೆತ್ತದೆ ಊರಿನ ಮಳೆಬೆಳೆಯನ್ನು ಕೇಳಿದರೆ, ಮಳೆಬೆಳೆಯನ್ನೇ ಹೇಳಬೇಕು.