ಕೈಚೀಲದ ಆದ್ಯಂತವೂ ಪರಿಮಾಣವ್ರತವೂ

ವ್ರತಿಯಾದ ಶ್ರಾವಕನು ಒಂದು ವಸ್ತುವನ್ನು ಸ್ವೀಕರಿಸುವಾಗ ಅದು ಕೈಗೆ ಬಂದ ಕ್ಷಣವನ್ನಷ್ಟೇ ನೋಡಿದರೆ ಸಾಲದು. ಅದು ಯಾವ ಹಿಂಸೆಯಿಂದ ಹುಟ್ಟಿತು, ಕೈಬಿಟ್ಟ ಮೇಲೆ ಯಾವ ಹಿಂಸೆಗೆ ಕಾರಣವಾದೀತು ಎಂಬುದನ್ನೂ ವಿಚಾರಿಸಬೇಕು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಆಸ್ರವದ ಅಧಿಕರಣವು ಜೀವ, ಅಜೀವ ಎಂದು ಎರಡು ವಿಧವಾಗಿದೆ. ಜೀವಾಧಿಕರಣದ ೧೦೮ ಭೇದಗಳಲ್ಲಿ ತಾನು ಮಾಡಿದುದು ಮಾತ್ರವಲ್ಲದೆ ಮಾಡಿಸಿದುದೂ ಅನುಮೋದಿಸಿದುದೂ ಸೇರಿವೆ. ಅಜೀವಾಧಿಕರಣದಲ್ಲಿ ನಿರ್ವರ್ತನೆ, ನಿಕ್ಷೇಪ, ಸಂಯೋಗ, ನಿಸರ್ಗಗಳೆಂಬ ನಾಲ್ಕನ್ನು ಹೇಳಿದೆ. ನಿರ್ವರ್ತನೆಯೆಂದರೆ ರಚಿಸುವುದು, ನಿಕ್ಷೇಪವೆಂದರೆ ಇಡುವುದು. ವಸ್ತುವನ್ನು ರಚಿಸುವುದೂ ಇಡುವುದೂ ಆಚಾರ್ಯರ ದೃಷ್ಟಿಯಿಂದ ತಪ್ಪಿಲ್ಲ.

ಲೌಕಿಕ ವಿಜ್ಞಾನವೂ ವಸ್ತುವಿನ ಆದ್ಯಂತವನ್ನು ತನ್ನದೇ ಮಾರ್ಗದಿಂದ ಅಳೆಯತೊಡಗಿದೆ. ೧೯೬೯ರಲ್ಲಿ ಅಮೆರಿಕದ ಕೋಕಾ-ಕೋಲಾ ಕಂಪನಿಯು ಪಾನೀಯ ತುಂಬುವ ಪಾತ್ರೆಗಳನ್ನು ಕುರಿತು ಮಾಡಿಸಿದ ಪರಿಶೀಲನೆಯು ಇಂತಹ ಗಣನೆಗಳಲ್ಲಿ ಮೊದಮೊದಲಿನದು. ಇದಕ್ಕೆ ಈಗ ಜೀವನಚಕ್ರ ಮೌಲ್ಯಮಾಪನವೆಂದು ಹೆಸರು. ೧೯೯೭ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ಇದರ ಕ್ರಮವನ್ನು ಗೊತ್ತುಪಡಿಸಿತು. ಮೊದಲು ಗಣನೆಯ ಉದ್ದೇಶ ಮತ್ತು ಮೇರೆ. ಬಳಿಕ ವ್ಯಯವಾದ ನೀರು, ಇಂಧನ, ಪದಾರ್ಥಗಳ ಹಾಗೂ ಹೊರಬಿದ್ದ ಹೊಗೆ, ಕಸಗಳ ಪಟ್ಟಿ. ಅನಂತರ ಅವುಗಳ ಪರಿಣಾಮದ ಅಳತೆ. ಕೊನೆಗೆ ಫಲದ ವಿವೇಚನೆ.

ಇಂಗ್ಲೆಂಡಿನ ಪರಿಸರ ಇಲಾಖೆಯು ೨೦೧೧ರಲ್ಲಿ ಪ್ರಕಟಿಸಿದ ಕೈಚೀಲಗಳ ಗಣನೆಯು ವಿಚಾರಾರ್ಹವಾದುದು. ಅಂಗಡಿಯ ತೆಳು ಪ್ಲಾಸ್ಟಿಕ್ ಚೀಲವನ್ನು ಒಂದೇ ಸಲ ಬಳಸಿ ಎಸೆದರೆ ಭೂಮಿಯ ತಾಪವೃದ್ಧಿಗೆ ಎಷ್ಟು ಕಾರಣವಾಗುವುದೋ ಅದಕ್ಕಿಂತ ಕಡಿಮೆಯಾಗಬೇಕಾದರೆ ಹತ್ತಿಯ ಚೀಲವನ್ನು ೧೩೧ ಸಲವಾದರೂ ಬಳಸಬೇಕು. ವಾರಕ್ಕೊಮ್ಮೆ ಸಂತೆಗೆ ಒಯ್ದರೆ ಎರಡೂವರೆ ವರ್ಷ! ಹತ್ತಿಯ ಬೇಸಾಯಕ್ಕೆ ನೀರು, ಗೊಬ್ಬರ, ಕೀಟನಾಶಕಗಳು ಬೇಕು. ನೂಲುವುದಕ್ಕೂ ನೇಯುವುದಕ್ಕೂ ಇಂಧನ ಬೇಕು. ಚೀಲದ ತೂಕವೂ ಅಧಿಕ.

ಹಾಗಾದರೆ ಪ್ಲಾಸ್ಟಿಕ್ಕೇ ನಿರ್ದೋಷವೆ? ಅಲ್ಲ. ಬೀದಿಗೆಸೆದ ಚೀಲವನ್ನು ತಿಂದು ಗೋವು ಪಡುವ ಬಾಧೆಯು ಆ ಗಣನೆಯಲ್ಲಿ ಸೇರಿಲ್ಲ. ಮೇರೆಯ ಹೊರಗುಳಿದುದು ಇಲ್ಲವಾಯಿತೆಂದು ತಿಳಿಯಬಾರದು. ಗಣನೆಯು ಕಲಿಸುವ ಪಾಠ ಬೇರೆ. ಹತ್ತಿಯೆಂಬ ಹೆಸರಿನಿಂದಲೇ ಚೀಲವು ಅಹಿಂಸೆಯ ಸಾಧನವಾಗದು. ಬಹುಕಾಲದ ಬಳಕೆಯಿಂದ ಮಾತ್ರ ಅದರ ದೋಷವು ಅಲ್ಪವಾಗುವುದು.

ಪರ್ವಕಾಲದಲ್ಲಿ ಬಟ್ಟೆಯ ಚೀಲಗಳನ್ನು ಹಂಚುವುದು ಸದುದ್ದೇಶದಿಂದಲೇ ಹೌದು. ಆದರೆ ಹಿಂದಿನ ವರ್ಷದ ನಾಲ್ಕು ಚೀಲಗಳು ಗೂಟದಲ್ಲಿ ತೂಗುತ್ತಿರುವ ಮನೆಗೆ ಐದನೆಯದನ್ನು ಕೊಟ್ಟರೆ, ಕೊಟ್ಟವನಿಗೆ ಕಾರಿತದ ದೋಷ, ಪಡೆದವನಿಗೆ ಪರಿಗ್ರಹದ ಭಾರ. ದಾನಿಯು ಕೊಡುವ ಮೊದಲು ಅಗತ್ಯವನ್ನು ವಿಚಾರಿಸಲಿ. ಭೋಗೋಪಭೋಗ ಪರಿಮಾಣವನ್ನು ಸ್ವೀಕರಿಸುವ ಗೃಹಸ್ಥನು ಉಡುಪು, ಪಾತ್ರೆಗಳಂತೆ ಚೀಲಗಳಿಗೂ ಸಂಖ್ಯೆಯನ್ನು ನಿಯಮಿಸಿಕೊಳ್ಳಲಿ. ಹರಿದುದನ್ನು ಹೊಲಿಯಲಿ, ಹಳೆಯ ಧೋತರ, ಸೀರೆಗಳಿಂದಲೇ ಚೀಲವನ್ನು ಹೊಲಿಸಿಕೊಳ್ಳಲಿ, ಸವೆದುದನ್ನು ಎಸೆಯುವಾಗಲೂ ಜೀವಗಳನ್ನು ನೋಡಿ ಎಸೆಯಲಿ. ಎಂತಹ ಶ್ರೇಷ್ಠ ವಸ್ತುವನ್ನು ಕೊಳ್ಳುವುದಕ್ಕಿಂತಲೂ ಬೇಡವಾದುದನ್ನು ಕೊಳ್ಳದಿರುವುದರಲ್ಲಿಯೇ ಸಂಯಮವಿದೆ.