ನೆರವಿನ ನೀತಿ

ದಾನವು ಶ್ರೇಷ್ಠವೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಹಸಿದವನಿಗೆ ಅನ್ನವಿಕ್ಕುವಾಗ ಹೆಚ್ಚು ವಿಚಾರ ಮಾಡಬೇಕಾದುದೂ ಇಲ್ಲ. ಆದರೆ ಒಂದು ಊರಿನ ಜನ ತಮ್ಮ ಹಿತಕ್ಕಾಗಿ ತಾವೇ ಕಟ್ಟಿಕೊಂಡ ಸಂಘಕ್ಕೆ ಹೊರಗಿನವರು ನೆರವು ನೀಡುವಾಗ ಸೂಕ್ಷ್ಮವಾದ ಪ್ರಶ್ನೆಯೊಂದು ಎದುರಾಗುತ್ತದೆ. ಆ ನೆರವಿನಿಂದ ಸಂಘವು ಬಲಗೊಳ್ಳುವುದೋ, ಅಥವಾ ಇದ್ದ ಬಲವನ್ನೂ ಕಳೆದುಕೊಂಡು ಕೊಡುವವರ ಮುಖ ನೋಡುತ್ತ ಕುಳಿತುಕೊಳ್ಳುವುದೋ?

ಇದಕ್ಕೆ ಉತ್ತರವನ್ನು ಶರಾವತಿಯ ದಂಡೆಯಲ್ಲಿಯೇ ಹುಡುಕಬಹುದು. 1964ರಲ್ಲಿ ಲಿಂಗನಮಕ್ಕಿ ಆಣೆಕಟ್ಟು ಪೂರ್ಣಗೊಂಡಿತು. ನಾಡಿಗೆ ಬೆಳಕು ಬಂದಿತು. ಸಾಗರ, ಹೊಸನಗರ ಸೀಮೆಯ ಅನೇಕ ಗ್ರಾಮಗಳು ನೀರಿನಡಿ ಸೇರಿದವು. ಗದ್ದೆಗೆ, ಅಡಕೆ ತೋಟಕ್ಕೆ, ಮನೆಗೆ ಬೆಲೆ ಕಟ್ಟಿದರು. ಆದರೆ ಮುಯ್ಯಾಳಿನ ಕೂಡುದುಡಿಮೆ, ಊರ ದೇವರ ಕಾರ್ಯ, ಕಷ್ಟಕಾಲದ ಕೈಸಾಲ, ಹಿರಿಯರ ನ್ಯಾಯತೀರ್ಮಾನ, ಇವುಗಳಿಗೆ ಬೆಲೆ ಕಟ್ಟಿದವರು ಯಾರು? ದಿಕ್ಕಿಗೊಂದರಂತೆ ಚದುರಿದ ಕುಟುಂಬಗಳು ಭೂಮಿಯನ್ನು ಕಳೆದುಕೊಂಡಂತೆ ಪರಸ್ಪರ ಆಸರೆಯನ್ನೂ ಕಳೆದುಕೊಂಡವು. ಅವರಲ್ಲಿ ಅನೇಕರ ಭೂಮಿಯ ಹಕ್ಕಿನ ಪ್ರಶ್ನೆ ಅರ್ಧ ಶತಮಾನ ಕಳೆದರೂ ಬಗೆಹರಿಯಲಿಲ್ಲ. ಅರಣ್ಯಭೂಮಿಯನ್ನು ಬಿಡಿಸಿಕೊಡಲು ಸರ್ಕಾರ ಹೊರಡಿಸಿದ್ದ ಆದೇಶಗಳನ್ನು 2021ರಲ್ಲಿ ಉಚ್ಚ ನ್ಯಾಯಾಲಯ ರದ್ದುಪಡಿಸಿತು. ಹಿನ್ನೀರಿನ ಆಚೆಯವರು ಲಾಂಚನ್ನೇ ನಂಬಿ ಬಾಳಿದರು. ಅಂಬಾರಗೋಡ್ಲು–ಕಳಸವಳ್ಳಿಯ ಸೇತುವೆ ತೆರೆದುದು 2025ರ ಜುಲೈನಲ್ಲಿ.

ಇದೇ ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ ಇನ್ನೊಂದು ದೃಷ್ಟಾಂತವಿದೆ. 1949ರಲ್ಲಿ ಊರವರು ಶ್ರೀ ನೀಲಕಂಠೇಶ್ವರ ನಾಟ್ಯ ಸೇವಾ ಸಂಘವನ್ನು ಕಟ್ಟಿದರು. ಮುಂದೆ ‘ನೀನಾಸಮ್’ ಎಂದು ಹೆಸರಾದ ಈ ಸಂಸ್ಥೆಯನ್ನು ಕೆ.ವಿ. ಸುಬ್ಬಣ್ಣನವರು ಬೆಳೆಸಿದರು. 1972ರಲ್ಲಿ ರಂಗಮಂದಿರ, 1980ರಲ್ಲಿ ರಂಗಶಿಕ್ಷಣ ಕೇಂದ್ರ. ಫೋರ್ಡ್ ಪ್ರತಿಷ್ಠಾನದ ಹಣದಿಂದ ‘ಜನಸ್ಪಂದನ’ ಯೋಜನೆ ನಡೆದುದು 1983ರಿಂದ 1985ರವರೆಗೆ. ಅಂದರೆ ಸಂಘಕ್ಕೆ ಮೂವತ್ತನಾಲ್ಕು ವರ್ಷ ತುಂಬಿದ ಮೇಲೆ. ಆ ಯೋಜನೆ ಮುಗಿದ ಮೇಲೆ ಸಂಸ್ಥೆ ಮುಗಿಯಲಿಲ್ಲ. 1985ರಲ್ಲಿಯೇ ‘ತಿರುಗಾಟ’ ಆರಂಭವಾಯಿತು. ಬೇರು ಇಳಿದ ಮರಕ್ಕೆ ನೀರೆರೆದರೆ ಅದು ಫಲ ಕೊಡುತ್ತದೆ. ಬೇರಿಲ್ಲದ ಕೊಂಬೆಗೆ ಎಷ್ಟು ನೀರೆರೆದರೂ ಹಸುರು ನಾಲ್ಕು ದಿನದ್ದು.

ಹಾಗೆಂದು ಸ್ವಾವಲಂಬನೆಯ ಹಾದಿ ಸುಗಮವೆಂದು ಭ್ರಮಿಸಬಾರದು. ಸಮೀಪದ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನರ ಮುಂದಾಳುತನದಲ್ಲಿ ಬೆಳೆದ ‘ಚರಕ’ ಮಹಿಳಾ ಸಹಕಾರ ಸಂಘವು ನೈಸರ್ಗಿಕ ಬಣ್ಣದ ಕೈಮಗ್ಗದ ಬಟ್ಟೆಯಿಂದ ಹಳ್ಳಿಯ ಹೆಣ್ಣುಮಕ್ಕಳಿಗೆ ದುಡಿಮೆ ಕೊಟ್ಟಿತು. 2020ರಲ್ಲಿ ಕೋವಿಡ್ ಪಿಡುಗು ಬಂದು ಬಟ್ಟೆ ಮಾರಾಟವಾಗದೆ ಉಳಿದಾಗ ಸಂಘವು ತಾನು ದಿವಾಳಿಯಾಗಿರುವುದಾಗಿ ಬಹಿರಂಗವಾಗಿ ಸಾರಿತು. ಸ್ವಂತ ದುಡಿಮೆಯಿಂದ ನಿಂತವರಿಗೂ ಆಪತ್ಕಾಲದಲ್ಲಿ ಆಸರೆ ಬೇಕು. ಅದನ್ನು ಕೇಳುವುದು ಹೀನತೆಯಲ್ಲ.

ದೂರದ ಆಫ್ರಿಕಾದ ಬಡನಾಡು ಬುರ್ಕಿನಾ ಫಾಸೋದಲ್ಲಿಯೂ ಇದೇ ತತ್ತ್ವ ಪ್ರಯೋಗಕ್ಕೆ ಬಂದಿತು. ಅಲ್ಲಿಯ ಯಾತೆಂಗಾ ಸೀಮೆಯಲ್ಲಿ ಬರ್ನಾರ್ಡ್ ಲೆದೆಯಾ ವೆದ್ರಾಗೊ ಎಂಬ ಶಿಕ್ಷಕರು 1967ರಲ್ಲಿ ‘ನಾಮ್’ ಸಂಘಗಳನ್ನು ಆರಂಭಿಸಿದರು. ಹೊಸ ಸಂಸ್ಥೆಯನ್ನು ಹೊರಗಿನಿಂದ ತಂದು ನೆಡದೆ, ಮಳೆಗಾಲದಲ್ಲಿ ಕೂಡಿ ಉಳುವ ಯುವಕರ ಪುರಾತನ ಕೂಟವನ್ನೇ ಅವರು ಬಲಪಡಿಸಿದರು. ನಮ್ಮ ಮುಯ್ಯಾಳಿನ ಪದ್ಧತಿಗೆ ಅದು ದೂರದ ನೆಂಟನೇ ಸರಿ. ಆ ಸಂಘಗಳಿಗೆ ಹಣ ಒದಗಿಸಿದ ಒಕ್ಕೂಟವೂ ಅದನ್ನು ಯಾವುದಕ್ಕೆ ಬಳಸಬೇಕೆಂಬ ತೀರ್ಮಾನವನ್ನು ಬಹುಮಟ್ಟಿಗೆ ಹಳ್ಳಿಯವರಿಗೇ ಬಿಟ್ಟಿತು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಮುಳುಗಡೆಯಾದವರಿಗೆ “ನಿಮ್ಮ ಕಾಲಮೇಲೆ ನೀವು ನಿಲ್ಲಿರಿ” ಎಂದು ಉಪದೇಶಿಸುವುದು ನ್ಯಾಯವೇ? ಖಂಡಿತ ಅಲ್ಲ. ನಾಡಿನ ಬೆಳಕಿಗಾಗಿ ನೆಲ ಕಳೆದುಕೊಂಡವರಿಗೆ ಸಲ್ಲಬೇಕಾದುದು ದಾನವಲ್ಲ, ಋಣ. ಋಣವನ್ನು ತೀರಿಸುವವನು ಷರತ್ತು ಹಾಕುವಂತಿಲ್ಲ, ಉಪಕಾರಿಯೆಂದು ಮೆರೆಯುವಂತಿಲ್ಲ. ದಾನ ಯಾವುದು, ಋಣ ಯಾವುದು ಎಂಬ ವಿವೇಕವೇ ನೆರವಿನ ನೀತಿಯ ಮೊದಲ ಪಾಠ. ಆ ಋಣವನ್ನು ಕೇಳಿ ಪಡೆಯುವುದಕ್ಕೂ ಸಂಘಬಲ ಬೇಕು. ಒಂಟಿ ಅರ್ಜಿ ಕಚೇರಿಯ ಕಡತದಲ್ಲಿ ಮಲಗುತ್ತದೆ.

ಹಾಗಾದರೆ ಸಂಘವನ್ನು ಬಲಪಡಿಸುವುದೆಂದರೇನು? ಲೆಕ್ಕಪತ್ರವನ್ನು ಸದಸ್ಯರೆಲ್ಲರೂ ಓದುವಂತೆ ಇಡುವುದನ್ನು ಕಲಿಸುವುದು. ಒಬ್ಬ ಹಿರಿಯನ ನಂತರ ಹತ್ತು ಕಿರಿಯರು ಸಿದ್ಧರಿರುವಂತೆ ನೋಡಿಕೊಳ್ಳುವುದು. ತಪ್ಪು ಮಾಡಿ ತಿದ್ದಿಕೊಳ್ಳುವ ಸ್ವಾತಂತ್ರ್ಯವನ್ನು ಅವರಿಗೆ ಬಿಡುವುದು. ಇವೆಲ್ಲ ಕಟ್ಟಡದ ಮೇಲೆ ಹೆಸರು ಕೆತ್ತಿಸಿದಷ್ಟು ಸುಲಭವಲ್ಲ, ಕಣ್ಣಿಗೆ ಕಾಣುವಂಥದೂ ಅಲ್ಲ.

ಪ್ರಸಾದನಿಲಯಗಳಲ್ಲಿ ಉಂಡು ಓದಿದ ನಮಗೆ ಇದು ಹೊಸ ಮಾತಲ್ಲ. ಭಕ್ತರ ಮನೆಯ ಹಿಡಿ ಧಾನ್ಯದಿಂದ ನಡೆದ ಆ ಪಂಕ್ತಿಯಲ್ಲಿ ಕೊಟ್ಟವರು ಯಾರೆಂದು ನಮಗೆ ತಿಳಿಯಲಿಲ್ಲ, ಕೊಟ್ಟವರೂ ತಿಳಿಸಲಿಲ್ಲ. ಉಂಡವರು ಅಲ್ಲಿಯೇ ಕುಳಿತಿರಲೆಂದಲ್ಲ, ಎದ್ದು ಹೋಗಿ ತಮ್ಮ ಕಾಯಕ ಮಾಡಲೆಂದು ಆ ಅನ್ನ ಬಂದಿತ್ತು. ದಾಸೋಹವು ದಾನಕ್ಕಿಂತ ಭಿನ್ನವಾಗುವುದು ಇಲ್ಲಿಯೇ: ಕೊಡುವವನ ‘ನಾನು’ ಕರಗಬೇಕು, ಪಡೆಯುವವನ ಬೆನ್ನು ನೆಟ್ಟಗಾಗಬೇಕು. ಇಂದು ಸ್ಥಿತಿವಂತರಾಗಿರುವ ನಾವು ನಮ್ಮ ಊರಿನ ಸಣ್ಣ ಸಂಘಕ್ಕೆ ಹಣ ಕಳುಹಿಸುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳೋಣ: ನಾಳೆ ನಾವಿಲ್ಲದಿದ್ದರೂ ಅದು ನಡೆಯುವುದೇ? ನಡೆಯುವುದಾದರೆ ಮಾತ್ರ ನಾವು ಕೊಟ್ಟುದು ಸಾರ್ಥಕ.